ಹಳೇ ಪದ್ಮಿನಿಯ ಒಳಗೆಲಸ: ಮೊದಲು ನೀರು ನಿಲ್ಲಲಿ, ಆಮೇಲೆ ರೆಕ್ಸಿನ್

ಹಳೇ ಕಾರಿನ ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಬದಿಯ ಹೊದಿಕೆ ಹಲಗೆಯ ಕೆಳಗಿನ ನಾಲ್ಕು ಬೆರಳಗಲ ಊದಿಕೊಂಡು ರೆಕ್ಸಿನ್ ಬಿಟ್ಟುಕೊಂಡಿದ್ದರೆ, ಬಾಗಿಲೊಳಗಿನ ನೀರು ಹಾರ್ಡ್‌ಬೋರ್ಡಿಗೆ ಇಳಿಯುತ್ತಿದೆ ಎಂದು ತಿಳಿಯಿರಿ. ಹೊಸ ರೆಕ್ಸಿನ್ ಹೊದಿಸಿದರೆ ಎರಡು ಮಳೆಗಾಲದೊಳಗೆ ಅದೂ ಹಾಗೇ ಆಗುತ್ತದೆ. ಸೀಟಿನ ಸ್ಪ್ರಿಂಗ್ ತುಕ್ಕು, ಮ್ಯಾಟಿನ ಕಮಟು ವಾಸನೆ, ಟಾಪ್ ಲೈನಿಂಗಿನ (ಛಾವಣಿಯ ಒಳಬದಿಯ ಬಟ್ಟೆಯ) ಕಂದು ಕಲೆ, ಎಲ್ಲದರ ಹಿಂದೆಯೂ ನೀರೇ ಇರುತ್ತದೆ. ಹಾಗಾಗಿ ಒಳಗೆಲಸ ಶುರುವಾಗಬೇಕಾದದ್ದು ನೀರಿನ ಪೈಪಿನಿಂದ. ರೆಕ್ಸಿನ್ ಅಂಗಡಿಗೆ ಹೋಗುವುದು ಬಹಳ ಆಮೇಲೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಪ್ರೀಮಿಯರ್ ಪದ್ಮಿನಿ ಮತ್ತು ಅದರ ಹಿಂದಿನ ರೂಪವಾದ, 1964ರಲ್ಲಿ ಬಂದ ಫಿಯೆಟ್ 1100 ಡಿಲೈಟ್. ಅಂಬಾಸಿಡರ್‌ಗೂ ಆ ಕಾಲದ ಬೇರೆ ಕಾರುಗಳಿಗೂ ಕೆಲಸದ ಕ್ರಮ ಇದೇ. ಮೈಸೂರು–ಮಂಡ್ಯದ ಕಡೆ ಮಳೆ ಜೋರಾಗುವುದು ಮೇ ತಿಂಗಳಲ್ಲೊಮ್ಮೆ, ಅಕ್ಟೋಬರಿನ ಹೊತ್ತಿಗೆ ಇನ್ನೊಮ್ಮೆ. ಗಮ್ಮಿನ ಕೆಲಸವೆಲ್ಲ ಜನವರಿಯಿಂದ ಮಾರ್ಚ್ ಒಳಗೆ ಮುಗಿಯುವಂತೆ ನೋಡಿಕೊಳ್ಳಿ. ತೇವದ ಗಾಳಿಯಲ್ಲಿ ರಬ್ಬರ್ ಗಮ್ ಹಚ್ಚಿದರೆ, ಅದರಲ್ಲಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಅದರ ಮೇಲೆ ಕಣ್ಣಿಗೆ ಕಾಣದಷ್ಟು ನೀರು ಕೂರುತ್ತದೆ. ಒತ್ತಿದಾಗ ಹಿಡಿದಂತೆ ಕಂಡರೂ ಏಪ್ರಿಲ್ ಬಿಸಿಲಿಗೆ ಅಂಚು ಏಳುತ್ತದೆ.

ಬಿಚ್ಚುವುದು

ಮೊದಲು ಬ್ಯಾಟರಿಯ ಎರಡೂ ವೈರ್ ತೆಗೆಯಿರಿ. ಸೀಟು, ಮ್ಯಾಟ್, ಡೋರ್ ಪ್ಯಾಡ್, ಟಾಪ್ ಲೈನಿಂಗ್ ಈ ಕ್ರಮದಲ್ಲಿ ಹೊರಗೆ ಬರಲಿ. ಪ್ರತಿ ಸ್ಕ್ರೂ, ವಾಶರ್, ಕ್ಲಿಪ್ಪಿಗೆ ಬೇರೆ ಬೇರೆ ಜಿಪ್ ಕವರ್ ಮಾಡಿ ಮೇಲೆ ಜಾಗದ ಹೆಸರು ಬರೆಯಿರಿ. ಒಂದೇ ಡಬ್ಬಕ್ಕೆ ಸುರಿದರೆ ಉದ್ದ ಸ್ಕ್ರೂ ಯಾವುದು ಗಿಡ್ಡದ್ದು ಯಾವುದು ಎಂದು ಗೊತ್ತಾಗದೆ, ಬಾಗಿಲಿನ ಗ್ಲಾಸಿಗೆ ತಾಗುವ ಕಡೆ ಉದ್ದದ್ದು ಹೋಗಿ ಗ್ಲಾಸ್ ಗೀರುತ್ತದೆ.

ಗ್ಲಾಸ್ ಏರಿಸುವ ಹಿಡಿಯನ್ನು ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ಹಿಡಿಯ ಹಿಂದಿನ ಬಿಲ್ಲೆಯನ್ನು ಬಾಗಿಲ ಕಡೆ ಒತ್ತಿ, ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಅಡ್ಡ ಪಿನ್ ಕಂಡರೆ ಸಣ್ಣ ಮೊಳೆಯಿಂದ ತಳ್ಳಿ ತೆಗೆಯಿರಿ. ಕುದುರೆ ಲಾಳದ ಆಕಾರದ ಕ್ಲಿಪ್ ಇದ್ದರೆ ಸಂದಿಯಲ್ಲಿ ಬಟ್ಟೆ ತೂರಿಸಿ ಅತ್ತಿತ್ತ ಎಳೆದರೆ ಹಾರಿ ಬರುತ್ತದೆ. ಕೈ ಅಡ್ಡ ಇಟ್ಟುಕೊಳ್ಳಿ. ಎರಡೂ ಇಲ್ಲದಿದ್ದರೆ ಹಿಡಿಯ ನಡುವೆ ಸ್ಕ್ರೂ ಇರುತ್ತದೆ.

ಕೊಳೆತ ಹಾರ್ಡ್‌ಬೋರ್ಡ್, ಹರಿದ ಸೀಟ್ ಕವರ್, ಜೋತುಬಿದ್ದ ಲೈನಿಂಗ್, ಯಾವುದನ್ನೂ ಗುಜರಿಗೆ ಹಾಕಬೇಡಿ. ಹೊಸತನ್ನು ಕತ್ತರಿಸಲು ಅಳತೆ ಸಿಗುವುದು ಅದರಿಂದಲೇ. ಕೆಲಸ ಮುಗಿದು ಒಂದು ಮಳೆಗಾಲ ಕಳೆಯುವವರೆಗೂ ಮೂಲೆಯಲ್ಲಿರಲಿ.

ನೀರಿನ ಪರೀಕ್ಷೆ

ಒಬ್ಬರು ಟಾರ್ಚ್ ಹಿಡಿದು ಕಾರೊಳಗೆ ಕೂರಲಿ, ಇನ್ನೊಬ್ಬರು ಪೈಪ್ ಹಿಡಿಯಲಿ. ಕೆಳಗಿನಿಂದ ಮೇಲಕ್ಕೆ ಬನ್ನಿ: ಮೊದಲು ಬಾಗಿಲ ಕೆಳಭಾಗ, ಆಮೇಲೆ ಬಾಗಿಲ ಗ್ಲಾಸ್, ಬಾನೆಟ್ಟಿನ ಹಿಂದಿನ ಅಂಚು, ಕೊನೆಗೆ ವಿಂಡ್‌ಸ್ಕ್ರೀನ್ ಬೀಡಿಂಗ್ (ಗ್ಲಾಸಿನ ಸುತ್ತಲಿನ ರಬ್ಬರ್ ಪಟ್ಟಿ). ಒಂದೊಂದು ಕಡೆ ಐದು ನಿಮಿಷ, ಜೋರಿಲ್ಲದ ಧಾರೆ ಸಾಕು. ಮೇಲಿಂದ ಸುರಿದರೆ ಎಲ್ಲ ಸಂದಿಯೂ ಒಟ್ಟಿಗೆ ನೆನೆದು ತೂತು ಯಾವುದೆಂದು ತಿಳಿಯುವುದಿಲ್ಲ. ಮುಂದಿನ ಸೀಟಿನ ಕಾಲ ಬಳಿ ನೀರು ನಿಂತಿದೆ ಎಂದು ಫ್ಲೋರ್ ತೂತು ಹುಡುಕುವವರೇ ಹೆಚ್ಚು. ನೀರು ವಿಂಡ್‌ಸ್ಕ್ರೀನ್ ರಬ್ಬರಿನ ಮೂಲೆಯಿಂದ ಇಳಿದು ಡ್ಯಾಶ್‌ಬೋರ್ಡಿನ ಹಿಂದೆ ಹರಿದು ಬಂದಿರುತ್ತದೆ.

ಬಾಗಿಲೊಳಗೆ ನೀರು ಹೋಗುವುದು ಸಹಜ. ಗ್ಲಾಸಿನ ಪಕ್ಕದ ರಬ್ಬರ್ ಎಲ್ಲವನ್ನೂ ತಡೆಯುವುದಿಲ್ಲ, ಅದಕ್ಕೇ ಬಾಗಿಲ ತಳದಲ್ಲಿ ನೀರು ಹೋಗಲು ತೂತುಗಳಿವೆ. ಮಣ್ಣು, ಎಲೆ, ಹಳೇ ಬಣ್ಣ ಕಟ್ಟಿಕೊಂಡು ಅವು ಮುಚ್ಚಿರುತ್ತವೆ. ತಂತಿಯಿಂದ ಬಿಡಿಸಿ, ಒಳಗೆ ಒಂದು ಚೊಂಬು ನೀರು ಹಾಕಿ, ಪೂರ್ತಿ ಹೊರಗೆ ಬರುತ್ತದೆಯೇ ನೋಡಿ.

ಫ್ಲೋರನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ಪರೀಕ್ಷಿಸಿ. ತೂತು ಬಿದ್ದರೆ ಅದು ಟಿಂಕರಿಂಗ್ ಶೆಡ್ಡಿನ ಕೆಲಸ. ಹತ್ತಿರ ಪೆಟ್ರೋಲ್ ಲೈನ್ ಇರುವಾಗ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ. ತಗಡು ಗಟ್ಟಿಯಿದ್ದು ಮೇಲೆ ಮಾತ್ರ ತುಕ್ಕಿದ್ದರೆ ತಂತಿ ಬ್ರಶ್ಶಿನಿಂದ ಉಜ್ಜಿ, ಫಾಸ್ಪರಿಕ್ ಆಮ್ಲದ ರಸ್ಟ್ ರಿಮೂವರ್ ಹಚ್ಚಿ, ತೊಳೆದು ಪೂರ್ತಿ ಒಣಗಿಸಿ, ಎಪಾಕ್ಸಿ ಪ್ರೈಮರ್ ಎರಡು ಕೋಟ್ ಕೊಡಿ. ಜಾಯಿಂಟುಗಳಿಗೆ ಸೀಮ್ ಸೀಲರ್. ಅದರ ಮೇಲೆ ಬಿಟುಮೆನ್ ಶೀಟ್, ನಂತರ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ), ಕೊನೆಗೆ ಮ್ಯಾಟ್. ಬರೀ ತಗಡಿನ ಮೇಲೆ ಫೆಲ್ಟ್ ಹಾಸಿದರೆ ಒದ್ದೆ ಗೋಣಿ ಹೊದಿಸಿದ ಹಾಗೆ. ಪೆಡಲ್ಲಿನ ಮತ್ತು ವೈರಿನ ತೂತುಗಳಿಗೆ ಹೊಸ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ. ನೀರಷ್ಟೇ ಅಲ್ಲ, ಇಲಿ ಬರುವ ದಾರಿಯೂ ಅದೇ, ಮತ್ತು ತೆಂಗಿನ ನಾರು ತುಂಬಿದ ಸೀಟು ಇಲಿಗೆ ಸಿದ್ಧ ಗೂಡು.

ಟಾಪ್ ಲೈನಿಂಗ್

ಇದನ್ನು ಸೀಟಿಗಿಂತ ಮೊದಲೇ ಮುಗಿಸಬೇಕು. ಆ ಕಾಲದ ಹೆಚ್ಚಿನ ಕಾರುಗಳಲ್ಲಿ ಲೈನಿಂಗಿನ ಅಂಚು ವಿಂಡ್‌ಸ್ಕ್ರೀನ್ ರಬ್ಬರಿನ ಅಡಿಗೆ ಹೋಗುತ್ತದೆ. ಬೀಡಿಂಗ್ ಬದಲಿಸಲು ಗ್ಲಾಸ್ ತೆಗೆಯುವುದಾದರೆ ಲೈನಿಂಗನ್ನೂ ಅದೇ ಸಲ ಮಾಡಿ.

ಬಟ್ಟೆ ತೂಗುವುದು ಅಡ್ಡ ಕಂಬಿಗಳ ಮೇಲೆ. ಒಂದೊಂದರ ಬಾಗು ಬೇರೆ. ತೆಗೆಯುವಾಗಲೇ ಮುಂದಿನಿಂದ ಹಿಂದಕ್ಕೆ ಸಂಖ್ಯೆ ಬರೆದ ಟೇಪ್ ಸುತ್ತಿ, ಯಾವ ತೂತಿನಲ್ಲಿ ಕೂತಿತ್ತೆಂದು ಗುರುತಿಸಿ. ಅದಲು ಬದಲಾದರೆ ಎಷ್ಟು ಎಳೆದರೂ ಸುಕ್ಕು ಹೋಗದು. ಹಳೇ ಲೈನಿಂಗಿನ ಹೊಲಿಗೆ ಬಿಚ್ಚಿ, ಇಸ್ತ್ರಿ ಮಾಡಿ, ಅದನ್ನೇ ಅಳತೆಗೆ ಇಡಿ. ಸುತ್ತಲೂ 5 ಸೆಂ.ಮೀ. ಹೆಚ್ಚು ಬಿಡಿ. ಕೂರಿಸುವಾಗ ಬಟ್ಟೆಗೂ ಛಾವಣಿಗೂ ನಡುಗೆರೆ ಹಾಕಿ, ಎರಡನ್ನೂ ಹೊಂದಿಸಿ, ಮೊದಲು ಮುಂದಕ್ಕೂ ಹಿಂದಕ್ಕೂ ಎಳೆದು ಬೈಂಡರ್ ಕ್ಲಿಪ್ ಹಾಕಿ. ಆಮೇಲೆ ನಡುವಿನಿಂದ ಮೂಲೆಗಳ ಕಡೆಗೆ ಪಕ್ಕಗಳನ್ನು ಎಳೆಯಿರಿ. ಕಂಬಿ ತೂರಿದ ಕೊಳವೆಯಂಥ ಹೊಲಿಗೆ ಪಕ್ಕದಲ್ಲಿ ಹಿಡಿದು ಎಳೆಯುತ್ತದೆ, ಅದನ್ನು ಒಂದು ಸಲಕ್ಕೆ 1 ಸೆಂ.ಮೀ.ನಷ್ಟೇ ಕತ್ತರಿಸಿ. ಹೆಚ್ಚು ಕತ್ತರಿಸಿದ್ದಕ್ಕೆ ಮದ್ದಿಲ್ಲ. ಎಲ್ಲ ನೇರವಾದ ಮೇಲೆ ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಇನ್ನೊಮ್ಮೆ ಎಳೆದು, ಆಮೇಲೆ ಗಮ್. ಒಳಗಿನ ದೀಪದ ವೈರ್ ಹಾಯಿಸಿದ್ದೀರಾ ಎಂದು ಕ್ಲಿಪ್ ಹಾಕುವ ಮೊದಲೇ ನೋಡಿಕೊಳ್ಳಿ.

ಡೋರ್ ಪ್ಯಾಡ್

3 ಮಿ.ಮೀ. ಹಾರ್ಡ್‌ಬೋರ್ಡ್ ಸಾಕು. ಹಳೇ ಪ್ಯಾಡನ್ನು ಮೇಲಿಟ್ಟು ಗೆರೆ ಎಳೆಯಿರಿ. ಅಂಚು ಉದುರಿಹೋಗಿದ್ದರೆ ಬಾಗಿಲ ಕ್ಲಿಪ್ ತೂತುಗಳ ಸುತ್ತ ಬಣ್ಣದ ಬಳಪ ಸವರಿ ರಟ್ಟನ್ನು ಒತ್ತಿದರೆ ಪ್ರತಿ ತೂತಿನ ಗುರುತೂ ರಟ್ಟಿಗೆ ಇಳಿಯುತ್ತದೆ. ಕತ್ತರಿಸಿ, ತೂತು ಕೊರೆದ ಮೇಲೆ ವಾರ್ನಿಶ್ ಎರಡು ಕೋಟ್: ಎರಡೂ ಮುಖಕ್ಕೆ, ಅಂಚಿಗೆ, ತೂತಿನ ಒಳಗೋಡೆಗೆ. ಒಂದೇ ಮುಖಕ್ಕೆ ಹಚ್ಚಿದರೆ ಇನ್ನೊಂದು ಮುಖ ತೇವ ಹೀರಿ ಹಲಗೆ ಬಿಲ್ಲಿನಂತೆ ಬಾಗುತ್ತದೆ, ಕ್ಲಿಪ್ ನಿಲ್ಲುವುದಿಲ್ಲ.

ರೆಕ್ಸಿನ್ ಹೊದಿಸುವಾಗ ಮುಂಭಾಗದಲ್ಲಿ ತೆಳು ಫೋಮ್ ಅಂಟಿಸಿ, ರೆಕ್ಸಿನ್ನನ್ನು ಹಿಂದಕ್ಕೆ 2.5 ಸೆಂ.ಮೀ. ಮಡಚಿ ಗಮ್ ಮಾಡಿ. ಗಮ್ ಫೆವಿಕಾಲ್ ಎಸ್‌ಆರ್ 998 ಥರದ್ದು. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ, ಅಂದರೆ ಒಣ ಹವೆಯಲ್ಲಿ 10–15 ನಿಮಿಷಕ್ಕೆ, ಕೂಡಿಸಿ ಒತ್ತಿ. ಹಸಿಯಿರುವಾಗಲೇ ಮುಚ್ಚಿದರೆ ದ್ರಾವಕ ಒಳಗೇ ಸಿಕ್ಕಿ ಗುಳ್ಳೆ ಏಳುತ್ತದೆ. ಗಮ್ಮಿನ ಆವಿ ಬೆಂಕಿ ಹಿಡಿಯುವಂಥದ್ದು. ದೇವರ ದೀಪವಿರುವ ಅಥವಾ ಗ್ಯಾಸ್ ಒಲೆಯಿರುವ ಕೋಣೆಯ ಪಕ್ಕ ಬೇಡ, ಅಂಗಳದಲ್ಲಿ ಮಾಡಿ. ಮೂಲ ಪ್ಯಾಡಿನ ಮೇಲಿದ್ದ ಶಾಖದಿಂದ ಒತ್ತಿದ ಗೆರೆಗಳು ಮನೆಯಲ್ಲಿ ಬರುವುದಿಲ್ಲ. ಅದೇ ಜಾಗದಲ್ಲಿ ಅದೇ ಬಣ್ಣದ ದಾರದಿಂದ ಹೊಲಿದ ಗೆರೆ ಚೆನ್ನಾಗೇ ಕಾಣುತ್ತದೆ. ಆದರೆ ಅಂಟಿಸುವ ಮೊದಲೇ ಹೊಲಿದಿರಬೇಕು.

ಇನ್ನು ಎಲ್ಲರೂ ಬಿಟ್ಟುಬಿಡುವ ಕೆಲಸ. ಪ್ಯಾಡಿಗೂ ಬಾಗಿಲಿಗೂ ನಡುವೆ 500 ಗೇಜಿನ, ಅಂದರೆ 125 ಮೈಕ್ರಾನಿನ ಪಾಲಿಥಿನ್ ಹಾಳೆ ಇರಲೇಬೇಕು. ಮೇಲೂ ಪಕ್ಕದಲ್ಲೂ ಬ್ಯುಟೈಲ್ ಟೇಪಿನಿಂದ (ಅಂಟಂಟಾದ ರಬ್ಬರ್ ಟೇಪ್) ಬಾಗಿಲ ತಗಡಿಗೆ ಅಂಟಿಸಿ. ಕೆಳ ಅಂಚನ್ನು ಮಾತ್ರ ಹೊರಗೆ ಬಿಡದೆ, ತಗಡಿನ ಕಿಂಡಿಯೊಳಗೆ, ಬಾಗಿಲ ಹೊಟ್ಟೆಗೆ ಇಳಿಬಿಡಿ. ಹಾಳೆಯ ಮೇಲೆ ಇಳಿದ ನೀರು ಆಗ ತಳದ ತೂತಿಗೆ ಹೋಗುತ್ತದೆ. ಕೆಳ ಅಂಚು ತಗಡಿನ ಮುಂದೆ ನೇತಾಡಿದರೆ ನೀರು ಸೀದಾ ಹಾರ್ಡ್‌ಬೋರ್ಡಿನ ಪಾದಕ್ಕೆ. ಮೊದಲ ಸಾಲಿನಲ್ಲಿ ಹೇಳಿದ ಊತಕ್ಕೆ ಹೆಚ್ಚಿನ ಸಲ ಕಾರಣ ಈ ಹತ್ತು ರೂಪಾಯಿಯ ಹಾಳೆ ಇಲ್ಲದಿರುವುದು.

ಸೀಟು

ಸ್ಪ್ರಿಂಗ್ ಚೌಕಟ್ಟನ್ನು ಉಜ್ಜಿ, ರೆಡ್ ಆಕ್ಸೈಡ್ ಮತ್ತು ಕಪ್ಪು ಎನಾಮಲ್ ಬಳಿಯಿರಿ. ಮುರಿದ ಸ್ಪ್ರಿಂಗನ್ನು ತಂತಿ ಸುತ್ತಿ ಸಮಾಧಾನಪಡಬೇಡಿ. ಬೇರೊಂದು ಹಳೇ ಸೀಟಿನ ಚೌಕಟ್ಟಿನಿಂದ ಸ್ಪ್ರಿಂಗ್ ತಂದು ಕಟ್ಟಿ, ಇಲ್ಲವಾದರೆ ಕೂತವರು ಒಂದು ಬದಿಗೆ ವಾಲುತ್ತಾರೆ.

ಕಟ್ಟುವ ಕ್ರಮ ಕೆಳಗಿನಿಂದ ಹೀಗೆ: ಸ್ಪ್ರಿಂಗ್, ಅದಕ್ಕೆ ಬಿಗಿಯಾಗಿ ಕಟ್ಟಿದ ಗೋಣಿತಾಟು, 25 ಮಿ.ಮೀ. ರಬ್ಬರೀಕೃತ ನಾರಿನ ಶೀಟ್, 25 ಮಿ.ಮೀ. ಫೋಮ್, ತೆಳು ಹತ್ತಿಬಟ್ಟೆ, ಕವರ್. ನಾರಿನ ಶೀಟ್ ಹಾಸಿಗೆ ಅಂಗಡಿಯಲ್ಲಿ ಸಿಗುತ್ತದೆ. ಫೋಮ್ 40 ಡೆನ್ಸಿಟಿಯದೇ ಕೇಳಿ. ಅಗ್ಗದ್ದು ಒಂದೇ ವರ್ಷಕ್ಕೆ ತಗ್ಗುತ್ತದೆ. ನಾರೂ ಗೋಣಿಯೂ ಬೇಡ, ದಪ್ಪ ಫೋಮ್ ಒಂದೇ ಸಾಕು ಎಂದು ಕುಶನ್ ಕೆಲಸದವರು ಹೇಳಬಹುದು. ಒಪ್ಪಬೇಡಿ. ಸ್ಪ್ರಿಂಗ್ ಫೋಮನ್ನು ತುರಿದು ಪುಡಿ ಮಾಡುತ್ತದೆ, ಸೀಟು ಎತ್ತರವಾಗಿ ಸ್ಟೀರಿಂಗ್ ತೊಡೆಗೆ ತಾಗುತ್ತದೆ.

ರೆಕ್ಸಿನ್ 54 ಇಂಚು ಅಗಲದ ರೋಲಿನಲ್ಲಿ ಬರುತ್ತದೆ. ಎರಡು ಉದ್ದ ಸೀಟು, ನಾಲ್ಕು ಪ್ಯಾಡ್, ಪೈಪಿಂಗ್ (ಅಂಚಿನ ಹೊಲಿಗೆಯ ಉಬ್ಬು ಪಟ್ಟಿ) ಸೇರಿ 8ರಿಂದ 9 ಮೀಟರ್ ಹಿಡಿಯುತ್ತದೆ. ಎಲ್ಲವನ್ನೂ ಒಂದೇ ರೋಲಿನಿಂದ, ಒಂದೇ ದಿನ ಕೊಳ್ಳಿ. ಇನ್ನೊಂದು ರೋಲಿನ ಬಣ್ಣ ಅಂಗಡಿಯ ಬೆಳಕಲ್ಲಿ ಹೊಂದಿದಂತೆ ಕಂಡರೂ ಬಿಸಿಲಲ್ಲಿ ಬೇರೆಯಾಗುತ್ತದೆ. ರೆಕ್ಸಿನ್ ಒಂದು ದಿಕ್ಕಿಗೆ ಹೆಚ್ಚು ಹಿಗ್ಗುತ್ತದೆ. ಆ ಹಿಗ್ಗು ಸೀಟಿನ ಅಡ್ಡಕ್ಕೆ ಬರುವಂತೆ ಕತ್ತರಿಸಿ, ಎಲ್ಲ ತುಂಡಿನ ಹಿಂದೆ ಬಾಣದ ಗುರುತು ಹಾಕಿ.

ದಾರ ಪಾಲಿಯೆಸ್ಟರ್ ಅಥವಾ ನೈಲಾನ್, ಸೂಜಿ 18ನೇ ನಂಬರ್, ಹೊಲಿಗೆಯ ಉದ್ದ 4 ಮಿ.ಮೀ. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಎಂಬ ನಂಬಿಕೆ ಬಟ್ಟೆಗೆ ಸರಿ. ರೆಕ್ಸಿನ್ನಿಗೆ ಅದು ಅಂಚೆಚೀಟಿಯ ಅಂಚಿನ ತೂತುಗಳಂತೆ, ಆ ಸಾಲಿನಲ್ಲೇ ಹರಿಯುತ್ತದೆ. ಮನೆಯ ಕಪ್ಪು ಹೊಲಿಗೆ ಯಂತ್ರ ಎರಡು ಪದರ ಹೊಲಿಯುತ್ತದೆ. ಪೈಪಿಂಗ್ ಬಂದ ಕಡೆ ನಾಲ್ಕು ಪದರ, ಅದು ಆಟೋ, ಬಸ್ಸಿನ ಸೀಟು ಹೊಲಿಯುವವರ ದೊಡ್ಡ ಯಂತ್ರಕ್ಕೆ ಹೋಗಲಿ. ಕತ್ತರಿಸಿ, ಪಿನ್ ಮಾಡಿ, ಗುರುತು ಹಾಕಿ ಕೊಟ್ಟರೆ ಅವರಿಗೆ ಹೊಲಿಯುವುದಷ್ಟೇ ಉಳಿಯುತ್ತದೆ, ನಿಮ್ಮ ಅಳತೆಯೂ ಉಳಿಯುತ್ತದೆ. ಸಿದ್ಧವಾದ ಕವರನ್ನು ಅರ್ಧ ಗಂಟೆ ಬಿಸಿಲಿಗೆ ಹಾಕಿ, ಮೆತ್ತಗಾದಾಗ ಎಳೆದು ಕಟ್ಟಿ.

ಲೋಹ, ರಬ್ಬರ್, ಮರ

ಹಿತ್ತಾಳೆಗೆ ಹುಣಸೆಹಣ್ಣು ಹಚ್ಚುವ ಅಭ್ಯಾಸದಿಂದ ಕ್ರೋಮ್ ಹಿಡಿಗಳಿಗೂ ಹಚ್ಚುವುದುಂಟು. ಒಳಗಿನ ಹಿಡಿಗಳಲ್ಲಿ ಹಲವು ಸತುವಿನ ಎರಕ. ಹುಳಿ ಕ್ರೋಮಿನ ಸೂಜಿತೂತಿನಿಂದ ಇಳಿದು ಅಡಿಯ ಸತುವನ್ನು ತಿಂದು, ಗುಳ್ಳೆ ಎಬ್ಬಿಸುತ್ತದೆ. ಸೋಪಿನ ನೀರು, ಮೆತ್ತನೆ ಬ್ರಶ್, ಒಣಗಿದ ಮೇಲೆ ವ್ಯಾಕ್ಸ್, ಇಷ್ಟೇ. ಅಯಸ್ಕಾಂತ ಹಿಡಿದರೆ ಅದು ಉಕ್ಕಿನ ಮೇಲಿನ ಕ್ರೋಮ್. ಚುಕ್ಕೆ ತುಕ್ಕನ್ನು ನೀರಲ್ಲಿ ಅದ್ದಿದ ಅಲ್ಯೂಮಿನಿಯಂ ಫಾಯಿಲ್ ಉಂಡೆಯಿಂದ ಉಜ್ಜಿದರೆ ಹೋಗುತ್ತದೆ. ಅಲ್ಯೂಮಿನಿಯಂ ಪಟ್ಟಿಗೆ ಕಾಸ್ಟಿಕ್ ಇರುವ ಯಾವುದೂ ತಾಗಬಾರದು, ಬೂದಿಬಣ್ಣಕ್ಕೆ ತಿರುಗುತ್ತದೆ.

ಬೀಡಿಂಗ್ ರಬ್ಬರಿಗೆ ಕೊಬ್ಬರಿ ಎಣ್ಣೆಯೂ ಬೇಡ, ಗ್ರೀಸೂ ಬೇಡ. ಎಣ್ಣೆ ಹೀರಿದ ರಬ್ಬರ್ ಊದಿ ಮೆತ್ತಗಾಗುತ್ತದೆ. ಗ್ಲಿಸರಿನ್ ಅಥವಾ ಸಿಲಿಕೋನ್ ಸ್ಪ್ರೇ ಸಾಕು.

ಸ್ಟೀರಿಂಗ್ ಬಿರುಕನ್ನು ಗರಗಸದ ಬ್ಲೇಡಿನಿಂದ ಇಳಿಜಾರಾಗಿ ಅಗಲಿಸಿ, ಎಂ-ಸೀಲ್ ತುಂಬಿ, ಮಾರನೇ ದಿನ 120, 240, 400ರ ವಾಟರ್ ಪೇಪರಿನಿಂದ ಉಜ್ಜಿ ಬಣ್ಣ ಹೊಡೆಯಿರಿ. ಬಿರುಕನ್ನು ಅಗಲಿಸದೆ ಮೇಲೆ ಮೆತ್ತಿದರೆ ಅದು ಸಿಪ್ಪೆಯಂತೆ ಏಳುತ್ತದೆ.

ಕೆಲವು ಹಳೇ ಇಂಗ್ಲಿಷ್ ಕಾರುಗಳಲ್ಲಿ ಮರದ ಪಟ್ಟಿಗಳಿರುತ್ತವೆ. ಮೇಲಿನ ತೆಳು ಹೊದಿಕೆ ಎದ್ದಿದ್ದರೆ ಕಿತ್ತು ಹಾಕಬೇಡಿ. ಹಿಂದೆ ಅಂಟಿಗೆ ಮರವಜ್ರ (ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟು) ಬಳಸುತ್ತಿದ್ದರು, ಒದ್ದೆ ಬಟ್ಟೆಯ ಮೇಲೆ ಹದವಾದ ಇಸ್ತ್ರಿಪೆಟ್ಟಿಗೆ ಒತ್ತಿದರೆ ಅದು ಮತ್ತೆ ಕರಗಿ ಹಿಡಿಯುತ್ತದೆ. ಚೂರು ಉದುರಿಹೋಗಿದ್ದರೆ ಮೈಸೂರಿನ ಬೀಟೆಮರದ ಇನ್‌ಲೇ ಕುಶಲಕರ್ಮಿಗಳ ಬಳಿ ಒಯ್ಯಿರಿ. ನೂಲೆಳೆಯಷ್ಟು ಸಂದಿಗೆ ಮರ ಕೂರಿಸುವುದು ಅವರ ದಿನದ ಕೆಲಸ.

50 ವರ್ಷ ದಾಟಿದ ಕಾರನ್ನು 2021ರ ಕೇಂದ್ರ ನಿಯಮದಡಿ ವಿಂಟೇಜ್ ಎಂದು ನೋಂದಾಯಿಸುವ ಯೋಚನೆಯಿದ್ದರೆ ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು. ಸೀಟು ಕೂರಿಸುವ ನೆಪದಲ್ಲಿ ಫ್ಲೋರ್ ಕತ್ತರಿಸಿ ಬಕೆಟ್ ಸೀಟಿನ ಹಳಿ ಹಾಕಿಸುವುದು ಬೇಡ. ಹಳೇ ಒಳಗೆಲಸದ ಮಾದರಿ ನೋಡಬೇಕೆಂದರೆ ಶ್ರೀರಂಗಪಟ್ಟಣದ ಬಳಿಯ ಪಯಣ ಕಾರು ಸಂಗ್ರಹಾಲಯ ಹತ್ತಿರದಲ್ಲೇ ಇದೆ.

ವಾಪಸ್ ಕೂರಿಸುವಾಗ ಸೀಟು ಕೊನೆಗೆ. ಎಲ್ಲ ಮುಗಿದ ಮೇಲೆ ಬರುವ ಮೊದಲ ದೊಡ್ಡ ಮಳೆಯ ಮಾರನೇ ಬೆಳಿಗ್ಗೆ ಮ್ಯಾಟ್ ಎತ್ತಿ, ಫೆಲ್ಟಿನ ಅಡಿಗೆ ಒಣ ಪೇಪರ್ ತೂರಿಸಿ ಒತ್ತಿ. ಪೇಪರ್ ಎಲ್ಲಿ ಒದ್ದೆಯಾಯಿತೋ ಅಲ್ಲಿಗೆ ಮತ್ತೆ ಪೈಪ್ ಹಿಡಿಯಿರಿ.