ಕಣ್ಣು ಮುಚ್ಚಿ ಕಂಡದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ: ನನ್ನ ಅನುಭವ

ಕಣ್ಣು ಮುಚ್ಚಿದಾಗ ಬರುವ ಚಿತ್ರಗಳು ಜಾಸ್ತಿ ಹೊತ್ತು ನಿಲ್ಲುವುದಿಲ್ಲ, ಅಲ್ವಾ? ನನಗೆ ಅವು ನಿಲ್ಲತೊಡಗಿದ್ದು ಬಾಯಿಬಿಟ್ಟು ಹೇಳಲು ಶುರುಮಾಡಿದ ಮೇಲೆ. ಇದಕ್ಕೆ ಇಮೇಜ್ ಸ್ಟ್ರೀಮಿಂಗ್ ಎನ್ನುತ್ತಾರೆ. ಅಮೆರಿಕದ ವಿನ್ ವೆಂಗರ್ ಹೇಳಿಕೊಟ್ಟ ಅಭ್ಯಾಸ. ಕಂಡದ್ದನ್ನು ಕಂಡ ಹಾಗೇ ಜೋರಾಗಿ ಹೇಳುತ್ತ ಹೋಗಬೇಕು. ಎದುರಿಗೆ ಕೇಳುವವರು ಯಾರಾದರೂ ಇರಬೇಕು, ಇಲ್ಲದಿದ್ದರೆ ರೆಕಾರ್ಡರ್ ಆದರೂ ಬೇಕು. ಇದರಿಂದ ಐಕ್ಯೂ ಏರುತ್ತದೆ ಎಂದು ಅವರು ಹೇಳುತ್ತಿದ್ದರು. ನಾನು ಅದಕ್ಕಾಗಿ ಮಾಡುತ್ತಿಲ್ಲ.

ರಾತ್ರಿ ಊಟ ಆದಮೇಲೆ ಬಾಗಿಲು ಹಾಕಿ, ಮೊಬೈಲಿನ ರೆಕಾರ್ಡರ್ ಆನ್ ಮಾಡಿ, ಕುರ್ಚಿಯಲ್ಲೇ ಕೂರುತ್ತೇನೆ. ಮಲಗಿದರೆ ನಿದ್ದೆ ಬಂದುಬಿಡುತ್ತದೆ. ಏನೂ ಕಾಣದೆ ಬರೀ ಕತ್ತಲಿದ್ದರೆ ಬಲ್ಬಿನ ಕಡೆ ಒಂದು ಕ್ಷಣ ನೋಡಿ ಕಣ್ಣು ಮುಚ್ಚುತ್ತೇನೆ. ರೆಪ್ಪೆಯೊಳಗೆ ಉಳಿಯುವ ಬಣ್ಣದ ಕಲೆಯೇ ಸಾಕು. "ಹಸಿರು ಕಲೆ, ಅಂಚು ಕೆಂಪಗಿದೆ, ಎಡಕ್ಕೆ ಜಾರ್ತಾ ಇದೆ" ಎಂದು ಹೇಳುತ್ತಲೇ ಇರುತ್ತೇನೆ.

ಹಾಗೆ ಹೇಳುತ್ತಿರುವಾಗ ಒಂದು ಸಲ ಆ ಹಸಿರು ಕಲೆ ಕಲ್ಲಿನ ಮೇಲಿನ ಪಾಚಿಯಾಯಿತು. ಆಗಲೇ "ಇದು ಕಲ್ಯಾಣಿಯ ಕಲ್ಲು" ಅಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಯಾಕೆಂದರೆ ಹೆಸರು ಸಿಕ್ಕ ಕೂಡಲೇ ಮನಸ್ಸು ನೋಡುವುದನ್ನು ನಿಲ್ಲಿಸುತ್ತದೆ. "ಕಲ್ಲು ತಣ್ಣಗಿದೆ, ಪಾಚಿ ಲೋಳೆಲೋಳೆ, ಬೆರಳು ಜಾರುತ್ತೆ, ಮಳೆ ನಿಂತ ಮೇಲಿನ ವಾಸನೆ" ಅಂದೆ. ಅಷ್ಟರಲ್ಲಿ ಕೆಳಗಿನ ಮೆಟ್ಟಿಲು ಕಂಡಿತು, ಅದರ ಮೇಲೆ ವಾಲಿಕೊಂಡ ತಾಮ್ರದ ಬಿಂದಿಗೆ, ಅದರ ಕಂಠದಲ್ಲಿ ಒಂದು ತಗ್ಗು. ಅದನ್ನು ನಾನು ಕರೆದು ತಂದದ್ದಲ್ಲ, ತಾನಾಗಿ ಬಂತು. ಇದು ಏನು ಎಂದು ಕೇಳಿಕೊಳ್ಳಬೇಡಿ, ಹೇಗಿದೆ ಅಂತ ಮಾತ್ರ ಹೇಳಿ. ನನ್ನ ಮಟ್ಟಿಗೆ ಇಡೀ ಅಭ್ಯಾಸ ಇರುವುದೇ ಇದರಲ್ಲಿ.

ಸುಮ್ನೆ ಮನಸ್ಸಿನಲ್ಲೇ ಹೇಳಿಕೊಂಡರೆ ಇದು ಆಗುವುದಿಲ್ಲ, ಅರ್ಧ ವಾಕ್ಯಕ್ಕೇ ಬೇರೆ ಯೋಚನೆಗೆ ಹೋಗಿಬಿಡುತ್ತೇವೆ. ಗಂಟಲಿನಿಂದ ಹೊರಬಂದ ಮಾತು ಮುಂದಿನ ಮಾತನ್ನು ಬೇಡುತ್ತದೆ. ಅದಕ್ಕೇ ನಾನು ಮನೆಮಾತಿನಲ್ಲೇ, ತಡೆಯದೆ, ವ್ಯಾಕರಣ ನೋಡದೆ ಹೇಳುತ್ತೇನೆ.

ಎಷ್ಟು ಮಾಡಿದರೂ ಚಿತ್ರವೇ ಬರದವರೂ ಇದ್ದಾರೆ. 1880ರಲ್ಲಿ ಬ್ರಿಟಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್, ನಿಮ್ಮ ಬೆಳಗಿನ ತಿಂಡಿಯ ಮೇಜು ಮನಸ್ಸಿಗೆ ಹೇಗೆ ಕಾಣುತ್ತದೆ ಎಂದು ಜನರನ್ನು ಕೇಳಿದ್ದರ ಬಗ್ಗೆ ಬರೆದಾಗಲೇ ಅಂಥವರು ಸಿಕ್ಕಿದ್ದರು. 2015ರಲ್ಲಿ ನರವಿಜ್ಞಾನಿ ಆಡಂ ಝೆಮನ್ ತಂಡ ಹೀಗೆ ಚಿತ್ರ ಬಾರದಿರುವುದನ್ನು ಅಫ್ಯಾಂಟೇಸಿಯಾ ಎಂದು ಕರೆಯಿತು. ಇದು ಕಾಯಿಲೆಯಲ್ಲ. ನಿಮಗೂ ಹಾಗಿದ್ದರೆ ಕಣ್ಣಿಗೆ ಒತ್ತಾಯ ಮಾಡಬೇಡಿ, ಶಬ್ದ, ಸ್ಪರ್ಶ, ವಾಸನೆ ಏನಾದರೂ ನೆನಪಾದರೆ ಅದನ್ನೇ ಹೇಳಿ ನೋಡಿ. ಹೆದರಿಕೆ ಹುಟ್ಟಿಸುವ ಚಿತ್ರ ಬಂದರೆ ಕಣ್ಣು ಬಿಟ್ಟು, ನೀರು ಕುಡಿದು, ಆ ದಿನಕ್ಕೆ ನಿಲ್ಲಿಸಿಬಿಡಿ.