ಬೊರೆಗೊ ಮರುಭೂಮಿಯಲ್ಲಿ ಟಗರು ಕಾದು ಕೂತದ್ದು

ಕ್ಯಾಲಿಫೋರ್ನಿಯಾದ ಆಂಜಾ-ಬೊರೆಗೊ ಮರುಭೂಮಿ ಪಾರ್ಕಿನಲ್ಲಿ ದಪ್ಪ ಸುರುಳಿ ಕೊಂಬಿನ ಕಾಡು ಬಿಗ್‌ಹಾರ್ನ್ ಕುರಿ ಕಾಣುವುದು ಬರೀ ಅದೃಷ್ಟ ಅಂತ ನಂಬಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ಯಾನ್ ಡಿಯಾಗೋದ ನಮ್ಮ ಹೈಕಿಂಗ್ ಬಳಗದಲ್ಲಿ ವರ್ಷಗಟ್ಟಲೆ ಅಲ್ಲಿಗೆ ಹೋಗಿ ಬಂದು ಒಂದು ಕುರಿಯ ಬಾಲವನ್ನೂ ಕಾಣದವರಿದ್ದಾರೆ. ನಾನೂ ನಮ್ಮನೆಯವರೂ ಹೋದ ಅಕ್ಟೋಬರಿನಲ್ಲಿ ಒಂದೇ ಬೆಳಗ್ಗೆ ಹನ್ನೆರಡೋ ಹದಿನಾಲ್ಕೋ ಕುರಿ ನೋಡಿದೆವು. ಆ ಸಂಖ್ಯೆಯ ಬಗ್ಗೆ ಮನೆಯಲ್ಲಿ ಇನ್ನೂ ಜಗಳವಿದೆ. ಬಂಡೆಯ ಹಿಂದೆ ಹೋಗಿ ಮತ್ತೆ ಬಂದದ್ದನ್ನು ಅವರು ಎರಡೆರಡು ಸಲ ಎಣಿಸಿದ್ದಾರೆ ಅನ್ನುವುದು ನನ್ನ ವಾದ. ಎರಡು ಟಗರು ಡಿಕ್ಕಿ ಹೊಡೆದದ್ದರ ಬಗ್ಗೆ ಮಾತ್ರ ಇಬ್ಬರದೂ ತಕರಾರಿಲ್ಲ.

ಅದಕ್ಕೆ ಮೊದಲು ಎಲ್ಲರ ಹಾಗೆ ನಾವೂ ಮಾರ್ಚ್ ತಿಂಗಳಲ್ಲೇ ಹೋಗುತ್ತಿದ್ದೆವು. 2019ರಲ್ಲಿ ಮಳೆ ಚೆನ್ನಾಗಿ ಬಿದ್ದು ಮರುಭೂಮಿಯ ತುಂಬ ಹೂವು ಬಂತಲ್ಲ, ಆ ವರ್ಷ ಬೊರೆಗೊ ಸ್ಪ್ರಿಂಗ್ಸ್ ಊರೊಳಗೆ ಕಾರು ಮುಂದೆ ಹೋಗದೆ ಗಂಟೆಗಟ್ಟಲೆ ಕೂತಿದ್ದೆವು. ಮೋಟೆಲ್ಲಿಗೆ ಒಂದು ರಾತ್ರಿಗೆ ಸುಮಾರು 260 ಡಾಲರ್ ತೆತ್ತದ್ದು ನೆನಪಿದೆ. ಏಸಿ ಲೊಡಲೊಡ ಅನ್ನುತ್ತಿತ್ತು. ಇನ್ನೊಂದು ಸಲ 600 ಎಂಎಂ ಲೆನ್ಸನ್ನು ವಾರಾಂತ್ಯಕ್ಕೆ ನೂರು ಡಾಲರ್ ಚಿಲ್ಲರೆ ಬಾಡಿಗೆಗೆ ತಂದು, ಪಾಮ್ ಕ್ಯಾನ್ಯನ್‌ನಲ್ಲಿ ತಾಳೆ ತೋಪು ದಾಟಿ ಮೇಲೆ ಮೇಲೆ ಹೊತ್ತು ತಿರುಗಿದೆವು. ಆ ಲೆನ್ಸಿನಲ್ಲಿ ಸಿಕ್ಕಿದ್ದು ಒಂದು ದಪ್ಪ ಚಕ್‌ವಾಲಾ ಹಲ್ಲಿ. ಫೋಟೊ ಚೆನ್ನಾಗೇ ಬಂದಿದೆ, ಆದರೆ ಹಲ್ಲಿ ಫೋಟೊಗೆ ನೂರು ಡಾಲರ್ ಅಂತ ನಮ್ಮನೆಯವರು ಈಗಲೂ ಬಂದವರ ಮುಂದೆ ಹೇಳುತ್ತಾರೆ.

ದಾರಿ ಬದಲಿಸಿದ್ದು ಪಾರ್ಕಿನವರ ಎರಡು ಕೆಲಸ ನೋಡಿ. ಒಂದು, ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಕಯೋಟಿ ಕ್ಯಾನ್ಯನ್ ಅನ್ನುವ ಕಣಿವೆಯನ್ನು ಮುಚ್ಚಿಬಿಡುತ್ತಾರೆ, ನೀರಿಗೆ ಇಳಿಯುವ ಕುರಿಗಳಿಗೆ ಜನ ಅಡ್ಡ ಆಗಬಾರದು ಅಂತ. ಎರಡು, ಕುರಿ ಎಣಿಕೆ ಮಾಡುವುದು ಜುಲೈ ಸುಡುಬಿಸಿಲಿನಲ್ಲಿ. ಸ್ವಯಂಸೇವಕರು ನೀರಿನ ತಾಣದ ಹತ್ತಿರ ಕೂತು ಎಣಿಸುತ್ತಾರೆ. ಅಂದರೆ ಕುರಿ ಎಲ್ಲಿ, ಯಾವಾಗ ಸಿಗುತ್ತವೆ ಅಂತ ಪಾರ್ಕಿನವರೇ ಬೋರ್ಡು ಬರೆದು ನೇತುಹಾಕಿದ್ದಾರೆ, ನಾವೆಲ್ಲ ಅದನ್ನು ದಾಟಿಕೊಂಡು ಹೂವು ನೋಡಲು ಹೋಗುತ್ತಿದ್ದೇವೆ. ಮಳೆಯಾದ ವಸಂತದಲ್ಲಿ ಹಸಿ ಸೊಪ್ಪಿನಲ್ಲೇ ಅವಕ್ಕೆ ಬೇಕಾದಷ್ಟು ನೀರು. ಇಡೀ ಬೆಟ್ಟದ ಮೇಲೆ ಚದುರಿಕೊಂಡಿರುತ್ತವೆ, ಕಣಿವೆಗೆ ಇಳಿಯುವ ಗರಜೇ ಇಲ್ಲ. ಜೊತೆಗೆ ಬೇಸಿಗೆಯ ಕೊನೆಯಿಂದ ನವೆಂಬರ್‌ವರೆಗೆ ಬೆದೆಗಾಲ. ಉಳಿದ ತಿಂಗಳು ಬೇರೆಯೇ ಇರುವ ಟಗರುಗಳು ಹೆಣ್ಣುಗಳ ಹಿಂಡಿಗೆ ಬಂದು ಸೇರುತ್ತವೆ. ಒಣಗಿದ ಅಕ್ಟೋಬರ್ ಮೊದಲ ವಾರ ಅಂತ ನಾನು ಹೇಳಿದೆ. ಬಳಗದಲ್ಲಿ ಎಲ್ಲರೂ ನಕ್ಕರು. "ಹೂವೂ ಇರಲ್ಲ, ಏನೂ ಇರಲ್ಲ, ಸುಟ್ಟುಕೊಂಡು ಬರ್ತೀರ" ಅಂದರು.

ಸುಟ್ಟುಕೊಳ್ಳುವ ಮಾತು ಸುಳ್ಳಲ್ಲ. ಬೊರೆಗೊ ಸ್ಪ್ರಿಂಗ್ಸ್ ಊರು ಇರುವುದು ಸುಮಾರು 600 ಅಡಿ ಎತ್ತರದಲ್ಲಿ, ಅಕ್ಟೋಬರಿನಲ್ಲೂ ಮಧ್ಯಾಹ್ನ ಫ್ಯಾರನ್‌ಹೀಟ್ ನೂರರ ಆಸುಪಾಸು. ಅಲ್ಲಿ ಟೆಂಟ್ ಹಾಕಿದರೆ ರಾತ್ರಿ ನಿದ್ದೆ ಇಲ್ಲ, ಬೆಳಗ್ಗೆ ಕುರಿ ಕಾಯುವ ತ್ರಾಣ ಇಲ್ಲ. ಅದಕ್ಕೆ ಮೇಲೆ ಮಲಗಿ ಕೆಳಗೆ ನೋಡುವುದು ಅಂತ ಮಾಡಿದೆವು. ಎಸ್-22 ರಸ್ತೆಯಲ್ಲಿ ರಾಂಚಿಟಾ ದಾಟಿ ಘಾಟಿ ಇಳಿಯುವ ಮುಂಚೆ ಕಲ್ಪ್ ವ್ಯಾಲಿ ಅನ್ನುವ ಟೆಂಟ್ ಹಾಕುವ ಜಾಗ ಸಿಗುತ್ತದೆ, ಸುಮಾರು 3,400 ಅಡಿ. ಊರಿಗಿಂತ ಹತ್ತು-ಹದಿನೈದು ಡಿಗ್ರಿ ತಂಪು. ಬಾಡಿಗೆ ಇಲ್ಲ, ಬುಕಿಂಗ್ ಇಲ್ಲ, ನೀರೂ ಇಲ್ಲ. ನೆಲದ ಮೇಲೆ ಬೆಂಕಿ ಹಾಕುವ ಹಾಗಿಲ್ಲ. ಲೋಹದ ಪಾತ್ರೆಯೊಳಗೆ ಹಾಕಿದರೂ ಬೂದಿ ವಾಪಸ್ ತರಬೇಕು. ನಾವು ಆ ಉಸಾಬರಿಗೆ ಹೋಗಲಿಲ್ಲ, ಬ್ಯೂಟೇನ್ ಒಲೆಯಲ್ಲೇ ಮುಗಿಸಿದೆವು. ಪುಳಿಯೋಗರೆ ಗೊಜ್ಜು ಒಂದು ಬಾಟಲಿ, ಅವಲಕ್ಕಿ, ಕೋಡುಬಳೆ. ನಾಕು ದಿನ ಇಟ್ಟರೂ ಕೆಡದ ಗೊಜ್ಜಿನ ಅಳತೆ ನಮ್ಮತ್ತೆಯದು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕಲ್ಪ್ ವ್ಯಾಲಿಯ ಪೀಡೆ ಗಾಳಿ. ಸಂಜೆ ಏಳಕ್ಕೆ ಶುರುವಾದರೆ ನಡುರಾತ್ರಿವರೆಗೂ ಬಿಡುವುದಿಲ್ಲ. ಹಿಂದೊಂದು ಸಲ ಅಗ್ಗಕ್ಕೆ ಸಿಕ್ಕಿತು ಅಂತ ತಂದ ಎತ್ತರದ ಟೆಂಟಿನ ಕಡ್ಡಿ ಇಲ್ಲೇ ಮುರಿದು, ರಾತ್ರಿಯೆಲ್ಲ ಕಾರಿನ ಸೀಟಿನಲ್ಲಿ ಮಲಗಿದ್ದೆವು. ಈ ಸಲ ತಗ್ಗು ಟೆಂಟು. ಗೂಟ ಆ ಸಡಿಲ ಮರಳಿನಲ್ಲಿ ನಿಲ್ಲುವುದಿಲ್ಲ, ಹಗ್ಗವನ್ನು ಬಂಡೆಗೇ ಕಟ್ಟಬೇಕು. ದೊಡ್ಡ ಬಂಡೆಗಳ ಮಧ್ಯೆ ಗಾಳಿ ತಪ್ಪುವ ಒಂದು ಜಾಗ ಹುಡುಕಿಕೊಂಡಿದ್ದೇವೆ. ಹುಡುಕಿದರೆ ನಿಮಗೂ ಸಿಗುತ್ತದೆ.

ನೀರು ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ಅಂತಾರೆ. ನಾವು ಒಂದೂವರೆ ಲೆಕ್ಕ ಹಾಕಿ, ಮೇಲೊಂದು ಕ್ಯಾನು ಕಾರಿನಲ್ಲೇ ಬಿಟ್ಟಿದ್ದೆವು. ಐಸ್‌ಬಾಕ್ಸಿನ ಐಸು ಎರಡನೇ ದಿನಕ್ಕೆ ನೀರಾಗುತ್ತದೆ, ಮತ್ತೆ ಊರಿಗಿಳಿದು ಕೊಳ್ಳಬೇಕು. ಈ ಖರ್ಚು ತಪ್ಪಿಸೋಣ ಅಂತ ನಮ್ಮನೆಯವರ ಒಂದು ಪ್ರಯೋಗ: ಸ್ಟೀಲ್ ಬಿಂದಿಗೆಗೆ ಹಳೇ ಪಂಚೆ ಎರಡು ಸುತ್ತು ಸುತ್ತಿ, ಒದ್ದೆ ಮಾಡಿ, ನೆರಳಲ್ಲಿ ಗಾಳಿಗೆ ಇಟ್ಟರು. ಆ ಒಣಹವೆಯಲ್ಲಿ ನೀರು ಕುಡಿಯಲು ಹಿತವಾಗುವಷ್ಟು ತಣ್ಣಗಾಯಿತು. ಪಂಚೆ ಒಣಗಲು ಅರ್ಧ ಗಂಟೆ ಸಾಕು, ಆದ್ದರಿಂದ ಯಾರಾದರೂ ಒಬ್ಬರು ಕಾವಲು ಇರಬೇಕು. ಮೊಸರು ಉಳಿಸಲು ಇದು ಸಾಲದು, ಅದನ್ನೂ ನೋಡಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಮೊಸರು ಹುಳಿಹುಳಿಯಾಗಿ ಮಜ್ಜಿಗೆಗೆ ಹೋಯಿತು.

ಬೆಳಗಿನ ಜಾವ ಐದಕ್ಕೆ ಎದ್ದು ಘಾಟಿ ಇಳಿದು, ಪಾಮ್ ಕ್ಯಾನ್ಯನ್ ದಾರಿಯ ಬುಡದಲ್ಲಿ ಕಾರು ನಿಲ್ಲಿಸಿದೆವು. ದಿನದ ಶುಲ್ಕ ಹತ್ತು ಡಾಲರ್. ಪಪ್‌ಫಿಶ್ ಅನ್ನುವ ಪುಟ್ಟ ಮೀನಿನ ಕೊಳದ ಹತ್ತಿರ ಎಲ್ಲರೂ ನಿಂತು ಫೋಟೊ ತೆಗೆಯುತ್ತಾರೆ, ನಾವು ನಿಲ್ಲಲಿಲ್ಲ. ಹೋಗಿ ಬರಲು ಮೂರು ಮೈಲಿಯ ದಾರಿ ಅದು, ಆದರೆ ನಾವು ತೋಪಿನವರೆಗೂ ಹೋಗಲಿಲ್ಲ. ಆ ತೋಪಿನ ಎಷ್ಟೋ ಮರ 2004ರ ಪ್ರವಾಹದಲ್ಲಿ ಕೊಚ್ಚಿಹೋಗಿವೆ, 2020ರ ಜನವರಿಯಲ್ಲಿ ತೋಪು ಬೆಂಕಿಗೂ ಸಿಕ್ಕಿದೆ. ತಾಳೆ ಗಟ್ಟಿಜೀವ, ಕಪ್ಪು ಕಾಂಡದ ನೆತ್ತಿಯಲ್ಲಿ ಮತ್ತೆ ಹಸಿರು ಗರಿ ಬಿಟ್ಟಿವೆ. ಅದನ್ನು ನೋಡಲು ಇನ್ನೊಂದು ದಿನ ಹೋಗಬಹುದು. ಕುರಿಗೆ ಅಂತ ಬಂದವರು ನಡೆಯುವುದನ್ನು ಬೇಗ ನಿಲ್ಲಿಸಬೇಕು.

ಕೂರುವ ಜಾಗದಲ್ಲೇ ಎಲ್ಲ ಇದೆ. ಬೆಳಗಿನ ಬಿಸಿಲು ಬೀಳುವ ಗುಡ್ಡ ಎದುರಿಗೆ, ನಾವು ನೆರಳಲ್ಲಿ, ಕಣಿವೆಯ ತಳದಲ್ಲೇ. ಮೇಲೆ ಹತ್ತಿ ಕೂತರೆ ಚೆನ್ನಾಗಿ ಕಾಣುತ್ತದೆ ಅನ್ನಿಸುತ್ತದೆ, ಆದರೆ ಕುರಿಗಳಿಗೆ ತಮಗಿಂತ ಕೆಳಗಿರುವ ಮನುಷ್ಯನ ಅಂಜಿಕೆ ಕಮ್ಮಿ, ಮೇಲಿಂದ ತಲೆ ಕಂಡರೆ ಓಟ. ನೀರಿಗೂ ನಮಗೂ ಕನಿಷ್ಠ ಇನ್ನೂರು-ಮುನ್ನೂರು ಮೀಟರ್ ಬಿಡಬೇಕು. ಹತ್ತಿರ ಕೂತರೆ ಅವು ಬಾಯಾರಿಕೆಯಲ್ಲೇ ವಾಪಸ್ ಹತ್ತುತ್ತವೆ. ಮೆಕ್ಸಿಕೊ ಗಡಿಯ ಈಚೆ, ಅಮೆರಿಕದ ಕಡೆ, ಈ ಕುರಿಗಳ ಈ ಒಂದು ತಳಿಯವು 300ಕ್ಕಿಂತ ಕಮ್ಮಿಗೆ ಇಳಿದು, 1998ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದವು, ಫೋಟೊದ ಆಸೆಗೆ ಅವುಗಳ ನೀರು ತಪ್ಪಿಸುವುದು ಬೇಡ. ಯಾವ ತಿರುವು, ಯಾವ ಬಂಡೆ ಅಂತ ಮಾತ್ರ ಕೇಳಬೇಡಿ. ಬರೆದರೆ ಮುಂದಿನ ಅಕ್ಟೋಬರಿನಲ್ಲಿ ಅಲ್ಲಿ ಇಪ್ಪತ್ತು ಕುರ್ಚಿ ಇರುತ್ತವೆ.

ಏಳೂವರೆವರೆಗೆ ಏನೂ ಇಲ್ಲ. ಫೈನೊಪೆಪ್ಲ ಹಕ್ಕಿಯೊಂದು ಬಂದಳಿಕೆಯ ಮೇಲೆ ಕೂತು ಕೂಗುತ್ತಿತ್ತು. ಎಂಟರ ಮೇಲೆ ಕಲ್ಲು ಉರುಳಿದ ಸದ್ದು. ಮರುಭೂಮಿಯಲ್ಲಿ ಕಲ್ಲು ಸುಮ್ಮನೆ ಉರುಳುವುದಿಲ್ಲ, ಕಣ್ಣಿಗಿಂತ ಮೊದಲು ಕಿವಿಗೇ ಕುರಿ ಸಿಗುವುದು. "ರೀ, ಅಲ್ಲಾಡಬೇಡಿ" ಅಂದೆ. "ಕೋಡುಬಳೆ ಬಾಯಲ್ಲಿದೆ ಕಣೇ" ಅಂದರು. ಅಗಿಯದೆ ಹಾಗೇ ಇಟ್ಟುಕೊಂಡು ಕೂತರು, ಅದನ್ನು ಮೆಚ್ಚಲೇಬೇಕು.

ಬಂಡೆಯ ಬಣ್ಣವೇ ಅವುಗಳ ಬಣ್ಣ, ಕುರಿಯನ್ನೇ ಹುಡುಕಿದರೆ ಕಾಣುವುದಿಲ್ಲ. ಹಿಂಭಾಗದ ಬಿಳಿ ತೇಪೆ ಹುಡುಕಬೇಕು. ಬೈನಾಕ್ಯುಲರಿನಲ್ಲಿ ಗುಡ್ಡವನ್ನು ಎಡದಿಂದ ಬಲಕ್ಕೆ ಪಟ್ಟಿಪಟ್ಟಿಯಾಗಿ ನೋಡುತ್ತಾ, ಬಿಳಿ ಕಂಡಲ್ಲಿ ಟ್ರೈಪಾಡಿನ ಮೇಲಿನ ಸ್ಕೋಪ್, ಅಂದರೆ ದೂರದರ್ಶಕ, ತಿರುಗಿಸುವುದು. ಮುಂದೆ ಒಂದು ಮುದಿ ಹೆಣ್ಣು ಇಳಿಯುತ್ತಿತ್ತು. ಹತ್ತು ಹೆಜ್ಜೆ, ನಿಲ್ಲು, ಕಿವಿ ತಿರುಗಿಸು, ಮತ್ತೆ ಹತ್ತು ಹೆಜ್ಜೆ. ಹಿಂದೆ ಉಳಿದ ಹೆಣ್ಣುಗಳು, ಆ ವರ್ಷದ ಮರಿಗಳು, ಕೊಂಬು ಬೆರಳುದ್ದ. ಎಲ್ಲಕ್ಕಿಂತ ಹಿಂದೆ ದೊಡ್ಡ ಟಗರು. ಕೊಂಬಿನ ಸುತ್ತಿನ ತುದಿ ಸವೆದು ಮೊಂಡಾಗಿತ್ತು. ಹೆಣ್ಣೊಂದು ಉಚ್ಚೆ ಹೊಯ್ದ ಜಾಗ ಮೂಸಿ, ಕತ್ತೆತ್ತಿ, ಮೇಲ್ದುಟಿ ಮಡಚಿ ಹಾಗೇ ನಿಂತಿತು. ಒಸಡಿನ ತೇವ ಸ್ಕೋಪಿನಲ್ಲಿ ಹೊಳೆಯುವುದು ಕಾಣುತ್ತಿತ್ತು.

ಅಷ್ಟರಲ್ಲಿ ಪಕ್ಕದ ಸರಕಲಿನಿಂದ ಇನ್ನೊಂದು ಟಗರು. ನಾನು ಹಾವೇರಿ ಕಡೆಯವಳು, ಚಿಕ್ಕಂದಿನಲ್ಲಿ ಟಗರಿನ ಕಾಳಗ ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಸುತ್ತ ನೂರು ಜನ ಕೂಗುತ್ತಿರುತ್ತಾರೆ, ಇಲ್ಲಿ ಇಡೀ ಕಣಿವೆಯೇ ಸುಮ್ಮನಿತ್ತು. ಎರಡೂ ಹಿಂದೆ ಸರಿದು, ಹಿಂಗಾಲ ಮೇಲೆ ಎದ್ದು, ಒಂದಕ್ಕೊಂದು ಬಿದ್ದವು. ತಲೆ ತಾಕಿದ್ದು ಸ್ಕೋಪಿನಲ್ಲಿ ಕಂಡಿತು, ಸದ್ದು ಮಾತ್ರ ಇಲ್ಲ. ಹತ್ತಿರ ಹತ್ತಿರ ಒಂದು ಸೆಕೆಂಡ್ ಆದ ಮೇಲೆ 'ಠಳ್' ಅಂತ ಬಂತು, ಎದುರು ಗುಡ್ಡದಿಂದ ಇನ್ನೊಂದು ಸಲ. ಹೊಡೆದ ಮೇಲೆ ಓರೆಯಾಗಿ ನಿಂತು ಕೊಂಬು ತೋರಿಸಿಕೊಳ್ಳುತ್ತವೆ, ನನ್ನದು ನೋಡು ಅಂತ. ಆ ಪ್ರದರ್ಶನವೇ ಜಗಳಕ್ಕಿಂತ ಹೆಚ್ಚು ಹೊತ್ತು ನಡೆಯಿತು. ಹತ್ತು ಗಂಟೆಗೆ ಬಿಸಿಲು ನಮ್ಮ ಕಾಲ ಬುಡಕ್ಕೆ ಬಂತು, ನಾವು ಎದ್ದೆವು. ಅಕ್ಟೋಬರಿನಲ್ಲಿ ಹತ್ತರ ಮೇಲೆ ಆ ಕಣಿವೆಯಲ್ಲಿ ಇರಬಾರದು. ಮಕ್ಕಳನ್ನೋ, ಊರಿಂದ ಬಂದ ಅಪ್ಪ-ಅಮ್ಮನನ್ನೋ ಕರೆದುಕೊಂಡು ಹೋಗುವವರು ಈ ತಿಂಗಳನ್ನು ಮರೆತುಬಿಡಿ.

ರಾತ್ರಿಯ ಪ್ರಯೋಗಗಳು ಬೇರೆ. ಹನ್ನೆರಡು ಡಾಲರಿನ ಅಲ್ಟ್ರಾವಯೊಲೆಟ್ ಟಾರ್ಚಿನಲ್ಲಿ ಚೇಳುಗಳು ಹಸಿರು-ನೀಲಿಯಾಗಿ ಹೊಳೆಯುತ್ತವೆ. ಅಮಾವಾಸ್ಯೆ ಹತ್ತಿರವಿತ್ತು, ಟೆಂಟಿನಿಂದ ಐವತ್ತು ಹೆಜ್ಜೆಯೊಳಗೆ ಕಂಡದ್ದೆಷ್ಟು ಅಂತ ನೋಡಿದ ಮೇಲೆ ನಮ್ಮನೆಯವರು ರಾತ್ರಿ ಚಪ್ಪಲಿಯಲ್ಲಿ ಹೊರಗೆ ಹೋಗುವುದನ್ನೇ ಬಿಟ್ಟರು. ಬೂಟು ಟೆಂಟಿನೊಳಗೇ ಇಡಿ. ಇನ್ನೊಂದು ನನ್ನ ಸ್ವಂತದ್ದು: ಮಲಗುವ ಮುಂಚೆ ಟೆಂಟಿನ ಸುತ್ತ ಮರಳನ್ನು ಕೈಯಲ್ಲೇ ನುಣ್ಣಗೆ ಸವರಿ, ಬೆಳಗ್ಗೆ ಯಾರು ಬಂದಿದ್ದರು ಅಂತ ಓದುವುದು. ಕಿಟ್ ನರಿಯ ಅಂಗಾಲಿಗೆ ಕೂದಲಿರುವುದರಿಂದ ಹೆಜ್ಜೆ ಮಸುಕು. ರೋಡ್‌ರನ್ನರ್ ಹಕ್ಕಿಯ ಹೆಜ್ಜೆ ಗುಣಾಕಾರ ಚಿಹ್ನೆ, ಹೋದದ್ದೋ ಬಂದದ್ದೋ ತಿಳಿಯುವುದಿಲ್ಲ. ಚೋಯಾ ಕಳ್ಳಿಯ ಮುಳ್ಳಿನ ಉಂಡೆ ಬಟ್ಟೆಗೆ ಅಂಟಿದರೆ ಕೈ ಹಾಕದೆ ಬಾಚಣಿಗೆ ತೂರಿಸಿ ಎಗರಿಸಬೇಕು. ಪ್ಲಾಸ್ಟಿಕ್ ಬಾಚಣಿಗೆಯ ಹಲ್ಲು ಮುರಿಯುತ್ತದೆ, ಲೋಹದ್ದೇ ಇರಲಿ.

ಖರ್ಚು ನೆನಪಿದ್ದಷ್ಟು: ಪೆಟ್ರೋಲು ಐವತ್ತು ಡಾಲರ್, ಶುಲ್ಕ ಇಪ್ಪತ್ತು, ಐಸು-ನೀರು-ಗ್ಯಾಸು ಮೂವತ್ತು, ಬರುವಾಗ ಸಾಂಟಾ ಇಸಬೆಲ್‌ನಲ್ಲಿ ಆಪಲ್ ಪೈಗೆ ಇಪ್ಪತ್ತೈದು. ಪೈ ಬಿಟ್ಟರೆ ನೂರು ಡಾಲರ್, ಅಂದರೆ ಆ ಹಲ್ಲಿ ಫೋಟೊದ ಬೆಲೆ. ಸ್ಕೋಪ್ ಬೇರೆ ಲೆಕ್ಕ. ನಿವೃತ್ತ ಹಕ್ಕಿಗಾರರೊಬ್ಬರ ಗ್ಯಾರೇಜ್ ಸೇಲಿನಲ್ಲಿ 180 ಡಾಲರಿಗೆ ತಂದದ್ದು, ಹೊಸದಾದರೆ ಅದರ ಮೂರು-ನಾಕು ಪಟ್ಟು. ಅಂಚಿನಲ್ಲಿ ಒಂದು ಗೀರಿದೆ, ನಡುಭಾಗ ಶುದ್ಧ. ಆವತ್ತು ನಕ್ಕವರಲ್ಲಿ ಮೂವರು ಈಗಾಗಲೇ ಮುಂದಿನ ಅಕ್ಟೋಬರಿಗೆ ರಜೆ ಹಾಕಿ, ಎರವಲು ಕೇಳುತ್ತಿದ್ದಾರೆ. ಟ್ರೈಪಾಡ್ ಬೇಕಾದವರು ಮನೆಗೆ ಬಂದು ಒಯ್ಯಬಹುದು. ಸ್ಕೋಪ್ ಕೊಡುವುದಿಲ್ಲ.