ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಹಾರ್ಮೋನ್ ಚಿಕಿತ್ಸೆ: ನನ್ನ ಅನುಭವ

ನಲವತ್ತೇಳು ದಾಟುವಾಗ ನನ್ನ ಮುಟ್ಟು ಏರುಪೇರಾಯಿತು. ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು ನಾನು. ಬೋರ್ಡಿನ ಮುಂದೆ ನಿಂತಿರುವಾಗಲೇ ಎದೆಯಿಂದ ಕಾವೆದ್ದು ಮುಖಕ್ಕೆ ಏರುತ್ತಿತ್ತು, ರವಿಕೆ ಬೆನ್ನಿಗೆ ಅಂಟುತ್ತಿತ್ತು. ಅದನ್ನಾದರೂ ತಡೆದುಕೊಳ್ಳಬಹುದು, ನಿದ್ದೆ ಕೆಟ್ಟದ್ದನ್ನು ತಡೆಯಲಾಗಲಿಲ್ಲ. ನಡುರಾತ್ರಿ ಬೆವತು ಎದ್ದರೆ ಬೆಳಗಿನ ತನಕ ಕಣ್ಣು ಹತ್ತುತ್ತಿರಲಿಲ್ಲ. "ಈ ವಯಸ್ಸಿಗೆ ಇದ್ದದ್ದೇ, ಸಹಿಸ್ಕೋಬೇಕು" ಎಂದವರೇ ಹೆಚ್ಚು. ನಮ್ಮಮ್ಮ ಹಾಗೆ ಸಹಿಸಿಕೊಂಡವರೇ. ವಯಸ್ಸಾದ ಮೇಲೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲೇ ಮೂಳೆ ಬೇಗ ಬೇಗ ಸವೆಯುತ್ತದೆ, ಅಂಡಾಶಯ ತಯಾರಿಸುವ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ಹೊರಗಿನಿಂದ ಕೊಟ್ಟರೆ ಆ ಸವೆತ ತಗ್ಗುತ್ತದೆ ಎಂದು ಗೊತ್ತಾದಾಗ ನಾನು ಸುಮ್ಮನೆ ಕೂರಲಿಲ್ಲ.

"ಹಾರ್ಮೋನ್ ತಗೊಂಡ್ರೆ ಕ್ಯಾನ್ಸರ್ ಬರುತ್ತಂತಲ್ಲೇ?" ಎಂದು ಅತ್ತಿಗೆ ಹೆದರಿಸಿದರು. ಆ ಹೆದರಿಕೆ ಎಲ್ಲಿಂದ ಬಂತು ಎಂದು ಹುಡುಕಿದರೆ ಸಿಗುವುದು ಅಮೆರಿಕದ ವುಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನ. 2002ರಲ್ಲಿ ಅದರ ಒಂದು ಭಾಗವನ್ನು ಅರ್ಧಕ್ಕೇ ನಿಲ್ಲಿಸಿದರು. ಔಷಧಿ ಪಡೆಯದ ಹತ್ತು ಸಾವಿರ ಹೆಂಗಸರಲ್ಲಿ ವರ್ಷಕ್ಕೆ 30 ಜನರಿಗೆ ಸ್ತನ ಕ್ಯಾನ್ಸರ್ ಕಂಡರೆ, ಪಡೆದವರಲ್ಲಿ 38 ಜನರಿಗೆ ಕಂಡಿತ್ತು. ಪತ್ರಿಕೆಗಳಲ್ಲಿ ಬಂದದ್ದು ಇಷ್ಟು. ಆದರೆ ಅವರು ಕೊಟ್ಟದ್ದು ಯಾವ ಔಷಧಿ, ಯಾರಿಗೆ? ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಮಿಶ್ರಣ, ಜೊತೆಗೆ ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಕೃತಕ ಹಾರ್ಮೋನ್. ಎರಡೂ ಬಾಯಿಂದ ನುಂಗುವ ಮಾತ್ರೆ. ಸೇರಿದ್ದವರ ಸರಾಸರಿ ವಯಸ್ಸು 63. ನಲವತ್ತೆಂಟರ ಹೆಂಗಸು ಚರ್ಮಕ್ಕೆ ಹಚ್ಚುವ ಜೆಲ್ಲಿಗೆ ಆ ಲೆಕ್ಕವನ್ನು ಹಾಗೇ ಎತ್ತಿ ತಂದು ಅಂಟಿಸಲಾಗದು.

ನಾನು ಹಚ್ಚುವ ಜೆಲ್ಲಿನಲ್ಲಿರುವುದು ಎಸ್ಟ್ರಡಯಾಲ್ ಎಂಬ ಈಸ್ಟ್ರೋಜನ್. ನಮ್ಮ ಅಂಡಾಶಯ ತಯಾರಿಸುವ ಅಣುವಿಗೂ ಇದಕ್ಕೂ ರಚನೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಜೊತೆಗೆ ಕೊಡುವ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಕೂಡ ಹಾಗೆಯೇ. ಇಂಥವನ್ನು ಬಯೋಐಡೆಂಟಿಕಲ್ ಎನ್ನುತ್ತಾರೆ, ಅದರ ಅರ್ಥ ಅಷ್ಟೇ. "ಗೆಡ್ಡೆಯಿಂದ ಮಾಡಿದ್ದು, ಆದ್ದರಿಂದ ತೊಂದರೆ ಇಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ರಸಾಯನ ವಿಜ್ಞಾನಿ ಮೆಕ್ಸಿಕೋದ ಕಾಡುಗೆಣಸಿನಲ್ಲಿರುವ ಡಯಾಸ್ಜೆನಿನ್ ಎಂಬ ರಾಸಾಯನಿಕದಿಂದ ಪ್ರೊಜೆಸ್ಟರಾನ್ ತಯಾರಿಸಿದ್ದು ನಿಜ. ಆದರೆ ಆ ಬದಲಾವಣೆ ಆದದ್ದು ಪ್ರಯೋಗಶಾಲೆಯಲ್ಲಿ, ಹಂತ ಹಂತವಾಗಿ. ಗೆಣಸು ತಿಂದರೂ, ಅದರ ಕ್ರೀಮು ಹಚ್ಚಿದರೂ ನಮ್ಮ ಮೈ ಆ ಕೆಲಸ ಮಾಡಲಾರದು.

ಒಂದು ಖಾಸಗಿ ಕ್ಲಿನಿಕ್ಕಿನವರು ಜೊಲ್ಲು ಪರೀಕ್ಷೆ ಮಾಡಿ "ನಿಮಗಾಗಿಯೇ" ಹಾರ್ಮೋನ್ ಬೆರೆಸಿ ಕೊಡುತ್ತೇವೆ, ಇಲ್ಲವಾದರೆ ಚರ್ಮದಡಿ ಪೆಲೆಟ್ (ಹಾರ್ಮೋನಿನ ಪುಟ್ಟ ಗುಳಿಗೆ) ಇಡುತ್ತೇವೆ ಎಂದು ದೊಡ್ಡ ಪ್ಯಾಕೇಜ್ ಹೇಳಿದರು. ನಾನು ಬೇಡವೆಂದೆ. ಈ ವಯಸ್ಸಿನಲ್ಲಿ ಹಾರ್ಮೋನ್ ಮಟ್ಟ ದಿನದಿಂದ ದಿನಕ್ಕೆ ಏರಿಳಿಯುತ್ತಿರುತ್ತದೆ. ಒಂದು ದಿನದ ಜೊಲ್ಲು ನೋಡಿ ಡೋಸ್ ಗೊತ್ತುಮಾಡಲು ಆಗುವುದಿಲ್ಲ. ಬೆರೆಸಿ ಕೊಡುವ ಔಷಧಿಯಲ್ಲಿ ಪ್ರತಿ ಸಲವೂ ಅಷ್ಟೇ ಪ್ರಮಾಣ ಇದೆಯೆಂದು ಪರೀಕ್ಷಿಸುವವರು ಯಾರು? ಪೆಲೆಟ್ ಒಳಗೆ ಹೋದ ಮೇಲೆ ಹೆಚ್ಚಾಯಿತೆಂದು ತಟ್ಟನೆ ತೆಗೆಯಲೂ ಆಗದು. ಅದೇ ಎಸ್ಟ್ರಡಯಾಲ್, ಅದೇ ಪ್ರೊಜೆಸ್ಟರಾನ್, ಡಾಕ್ಟರ ಚೀಟಿ ಇದ್ದರೆ ಮಾಮೂಲಿ ಮೆಡಿಕಲ್ ಶಾಪಿನಲ್ಲೇ ಸಿಗುತ್ತವೆ.

ನನ್ನ ಡಾಕ್ಟರ್ ಮೊದಲು ಬಿಪಿ ನೋಡಿ, ಮ್ಯಾಮೊಗ್ರಾಂ, ಗರ್ಭಕೋಶದ ಸ್ಕ್ಯಾನ್, ಶುಗರ್, ಕೊಲೆಸ್ಟರಾಲ್ ಮಾಡಿಸಿದರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ, ಪಾರ್ಶ್ವವಾಯು, ಲಿವರ್ ಕಾಯಿಲೆ ಇತ್ತೇ, ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಬಂದಿತ್ತೇ ಎಂದು ಕೆದಕಿ ಕೆದಕಿ ಕೇಳಿದರು. ಮಾತ್ರೆ ಬಿಟ್ಟು ಜೆಲ್ ಯಾಕೆ ಎಂದೆ. "ನುಂಗಿದ ಈಸ್ಟ್ರೋಜನ್ ಮೊದಲು ಲಿವರ್‌ಗೆ ಹೋಗುತ್ತೆ ಮೇಡಂ, ಅಲ್ಲಿ ರಕ್ತ ಹೆಪ್ಪುಗಟ್ಟಿಸೋ ಅಂಶ ಹೆಚ್ಚುತ್ತೆ. ಚರ್ಮದಿಂದ ಹೋದರೆ ನೇರ ರಕ್ತಕ್ಕೆ" ಎಂದರು.

ನನಗೆ ಬರೆದದ್ದು 0.06 ಶೇಕಡದ ಜೆಲ್. ಶುರುವಿಗೆ ದಿನಕ್ಕೆ 1.25 ಗ್ರಾಂ, ಅಂದರೆ 0.75 ಮಿಲಿಗ್ರಾಂ ಎಸ್ಟ್ರಡಯಾಲ್. ಕಾವು ಪೂರ್ತಿ ಇಳಿಯದ್ದರಿಂದ ಆಮೇಲೆ ಅದರ ಎರಡರಷ್ಟು. ಸ್ನಾನವಾಗಿ ಮೈ ಚೆನ್ನಾಗಿ ಒಣಗಿದ ಮೇಲೆ ತೋಳಿನ ಹೊರಮೈಗೆ, ಹೆಗಲಿನಿಂದ ಮಣಿಕಟ್ಟಿನ ತನಕ, ತೆಳ್ಳಗೆ ಸವರುತ್ತೇನೆ. ತಿಕ್ಕುವುದಿಲ್ಲ. ಸ್ಯಾನಿಟೈಸರ್‌ನಂತೆ ಘಮ್ಮೆಂದು, ತಣ್ಣಗಾಗಿ, ಐದು ನಿಮಿಷದಲ್ಲಿ ಆರುತ್ತದೆ. ಆಮೇಲೆಯೇ ರವಿಕೆ. ಸ್ತನದ ಮೇಲೆ ಹಚ್ಚಬಾರದು. ಕೂಡಲೇ ಸೋಪು ಹಾಕಿ ಕೈ ತೊಳೆಯಬೇಕು. ನಾದಿನಿಯ ಮಗು ಮನೆಗೆ ಬಂದಾಗ ಜೆಲ್ ಹಚ್ಚಿದ ತೋಳಿನಲ್ಲಿ ಎತ್ತಿಕೊಳ್ಳುವುದಿಲ್ಲ, ಮಗುವಿನ ಮೈಗೂ ಹಾರ್ಮೋನ್ ಅಂಟುತ್ತದೆ.

ಗರ್ಭಕೋಶ ಇರುವವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಬಾರದು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ ಕ್ಯಾನ್ಸರಿಗೆ ದಾರಿಯಾಗಬಹುದು. ಅಮೆರಿಕದಲ್ಲಿ 1970ರ ದಶಕದಲ್ಲೇ ಹೀಗಾದದ್ದು ಬಯಲಿಗೆ ಬಂದಿತ್ತು. ಆ ಪದರವನ್ನು ಹದ್ದುಬಸ್ತಿನಲ್ಲಿಡುವುದು ಪ್ರೊಜೆಸ್ಟರಾನ್. ನನಗೆ ತಿಂಗಳಲ್ಲಿ 12 ರಾತ್ರಿ 200 ಮಿಲಿಗ್ರಾಂ ಕ್ಯಾಪ್ಸೂಲ್ ಬರೆದರು. ಮಲಗುವ ಹೊತ್ತಿಗೇ ನುಂಗಬೇಕು, ತೂಕಡಿಕೆ ಬರುತ್ತದೆ. ನಿದ್ದೆ ಕಳೆದುಕೊಂಡಿದ್ದ ನನಗೆ ಆ ತೂಕಡಿಕೆ ವರದಾನವಾಯಿತು. ಅಂಗಡಿಯಲ್ಲಿ ಸಿಗುವ ಪ್ರೊಜೆಸ್ಟರಾನ್ ಕ್ರೀಮನ್ನು ಇದಕ್ಕೆ ಬದಲಿಯೆಂದು ನಂಬಬೇಡಿ. ಒಳಪದರ ಕಾಯುವಷ್ಟು ಅದು ರಕ್ತಕ್ಕೆ ಸೇರುವುದಿಲ್ಲ. ಇನ್ನೊಂದು ಮಾತು: ಈ ಡೋಸಿನ ಹಾರ್ಮೋನ್ ಗರ್ಭನಿರೋಧಕವಲ್ಲ.

ಮೊದಮೊದಲು ಎದೆ ಬಿಗಿದು ನೋಯುತ್ತಿತ್ತು, ಮುಟ್ಟಿನ ದಿನವಲ್ಲದಿದ್ದರೂ ಆಗಾಗ ರಕ್ತದ ಕಲೆ ಕಾಣಿಸುತ್ತಿತ್ತು. ತಿಂಗಳೊಳಗೆ ಕಾವು ತಗ್ಗಿತು, ಎರಡು ಮೂರು ತಿಂಗಳಿಗೆ ನಿದ್ದೆ ಹದಕ್ಕೆ ಬಂತು. ಮರೆವು, ಸಿಡುಕು ಅರ್ಧಕ್ಕರ್ಧ ಇಳಿದವು. ತೂಕ ಇಳಿಯಲಿಲ್ಲ, ಅದಕ್ಕೆ ನಡಿಗೆ, ಊಟವೇ ಮದ್ದು.

ಅತ್ತಿಗೆಗೆ ಗರ್ಭಕೋಶ ತೆಗೆಸಿಯಾಗಿದೆ, ಹಾಗಾಗಿ ಡಾಕ್ಟರನ್ನು ಕಂಡು ಬರೀ ಜೆಲ್ ಹಿಡಿದಿದ್ದಾರೆ. ಸ್ತನ ಕ್ಯಾನ್ಸರಿಗೆ ಚಿಕಿತ್ಸೆಯಾದ ನನ್ನ ಸಹೋದ್ಯೋಗಿಗೆ ಹಾರ್ಮೋನ್ ಬೇಡವೆಂದರು; ಕಾವು ತಗ್ಗಿಸಲು ಅವರಿಗೆ ಹಾರ್ಮೋನ್ ಅಲ್ಲದ ವೆನ್ಲಾಫ್ಯಾಕ್ಸಿನ್ ಎಂಬ ಔಷಧಿ ಕೊಟ್ಟಿದ್ದಾರೆ. ಅರವತ್ತು ದಾಟಿದವರು, ಇಲ್ಲವೇ ಮುಟ್ಟು ನಿಂತು ಹತ್ತು ವರ್ಷವಾದವರು ಹೊಸದಾಗಿ ಶುರುಮಾಡುವುದಾದರೆ ಹೃದಯದ, ಪಾರ್ಶ್ವವಾಯುವಿನ ಅಪಾಯ ಹೆಚ್ಚು, ಬೇರೆಯೇ ಲೆಕ್ಕ ಹಾಕಬೇಕು. ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದರೆ ಅದನ್ನು ಪತ್ತೆ ಮಾಡುವ ತನಕ ಶುರುಮಾಡಲೇಬಾರದು.

ಈಚೆಗೆ ನನ್ನ ಕ್ಯಾಪ್ಸೂಲನ್ನು ಪ್ರತಿ ರಾತ್ರಿ 100 ಮಿಲಿಗ್ರಾಮಿಗೆ ಬದಲಿಸಿದ್ದಾರೆ. ಇನ್ನು ತಿಂಗಳ ರಕ್ತಸ್ರಾವ ನಿಲ್ಲಬೇಕು. ಆರು ತಿಂಗಳಾದ ಮೇಲೂ ಕಲೆ ಕಂಡರೆ ಕಾಯದೆ ಬನ್ನಿ, ಸ್ಕ್ಯಾನ್ ಮಾಡೋಣ ಎಂದಿದ್ದಾರೆ.